ಪುಸ್ತಕಸಂಗ್ರಹವೂ ಪರಿಗ್ರಹವೇ?

ಶ್ರಾವಕನ ಐದನೆಯ ಅಣುವ್ರತವು ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ಇದನ್ನು ಇಚ್ಛಾಪರಿಮಾಣವೆಂದೂ ಕರೆದಿದ್ದಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಗೃಹಸ್ಥನೊಬ್ಬನು ಈ ವ್ರತವನ್ನು ಸ್ವೀಕರಿಸಿ ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಮಿತಿ ಹಾಕಿಕೊಂಡರೂ ಪುಸ್ತಕಗಳನ್ನು ಲೆಕ್ಕಕ್ಕೆ ತರದಿರಬಹುದು. ದಿಗಂಬರ ಮುನಿಗಳ ಬಳಿಯೂ ಪಿಂಛಿ, ಕಮಂಡಲುಗಳೊಡನೆ ಜ್ಞಾನೋಪಕರಣವಾಗಿ ಶಾಸ್ತ್ರವಿರುತ್ತದೆ. ಹೀಗಿರುವಾಗ ಪುಸ್ತಕಕ್ಕೆ ಮಿತಿಯೇಕೆ?

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಗಂಗಾವತಿಯ ಬಳಿಯ ಆನೆಗೊಂದಿ, ಸಾಣಾಪುರಗಳ ಬಂಡೆಗಳನ್ನು ಏರಲು ಚಳಿಗಾಲದಲ್ಲಿ ವಿದೇಶಗಳಿಂದಲೂ ಜನರು ಬರುತ್ತಾರೆ. ಅವರನ್ನು ಕಂಡು ಕುತೂಹಲಗೊಂಡ ಆ ಗೃಹಸ್ಥನು, ಬಂಡೆ ಏರುವ ವಿದ್ಯೆಯನ್ನು ಕುರಿತ ಹಳೆಯ ಜರ್ಮನ್ ಪುಸ್ತಕಗಳನ್ನು ತರಿಸತೊಡಗುತ್ತಾನೆ. ಮೊದಲ ಪುಸ್ತಕವನ್ನು ನಿಘಂಟಿನ ನೆರವಿನಿಂದ ಕಷ್ಟಪಟ್ಟು ಓದುತ್ತಾನೆ. ಹತ್ತನೆಯದನ್ನು ತಿರುವಿ ನೋಡುತ್ತಾನೆ. ನಲವತ್ತನೆಯದರ ಕಟ್ಟನ್ನೂ ಬಿಚ್ಚುವುದಿಲ್ಲ. ಆದರೆ ತನ್ನಲ್ಲಿಲ್ಲದ ಆವೃತ್ತಿ ಬೇರೊಬ್ಬನಲ್ಲಿದೆಯೆಂದು ತಿಳಿದ ದಿನ ಅವನಿಗೆ ನಿದ್ರೆ ಬಾರದು.

ಆ ಪುಸ್ತಕಗಳು ಹೇಳುವುದಾದರೂ ಏನು? ಡ್ರೆಸ್ಡೆನ್ ಸಮೀಪದ ಮರಳುಗಲ್ಲಿನ ಶಿಖರಗಳಿಗೆ ರುಡಾಲ್ಫ್ ಫೇರ್‌ಮಾನ್ 1908ರಲ್ಲಿ ಮಾರ್ಗದರ್ಶಿಯನ್ನು ಬರೆದನು. ಕೃತಕ ಸಾಧನಗಳ ಬಲದಿಂದ ಏರುವುದು ಸಲ್ಲದೆಂಬ ನಿಯಮ 1913ರ ಆವೃತ್ತಿಯಲ್ಲಿ ಸೇರಿತು. ನೆನೆದು ಮೆತ್ತಗಾದ ಬಂಡೆಯನ್ನು ಏರಿ ಅದಕ್ಕೆ ಹಾನಿ ಮಾಡಬಾರದೆಂಬ ಕಟ್ಟಳೆ ಇಂದಿಗೂ ಅಲ್ಲಿದೆ. ಆಸ್ಟ್ರಿಯದ ಪಾಲ್ ಪ್ರಾಯ್ಸ್ 1911ರಲ್ಲಿ ಬರೆದ ಲೇಖನ ದೊಡ್ಡ ವಿವಾದವನ್ನೇ ಎಬ್ಬಿಸಿತು. ಬಂಡೆಗೆ ಬಡಿಯುವ ಮೊಳೆ ಆಪತ್ತಿಗೆ ಮಾತ್ರ; ಹಗ್ಗವಿಲ್ಲದೆ ನಿಶ್ಚಿಂತೆಯಿಂದ ಇಳಿಯಬಲ್ಲಷ್ಟನ್ನೇ ಏರತಕ್ಕದ್ದು ಎಂಬುದು ಅವನ ಮತ. 1913ರಲ್ಲಿ ಒಂಟಿಯಾಗಿ ಏರುವಾಗ ಬಿದ್ದು ಮಡಿದ ಅವನ ಸಾಹಸ ಅನುಕರಣೀಯವಲ್ಲ. ಆದರೆ ಶಕ್ತಿಯನ್ನರಿತು ತ್ಯಾಗ, ಶಕ್ತಿಯನ್ನರಿತು ತಪ ಎಂಬ ಷೋಡಶಕಾರಣ ಭಾವನೆಗಳನ್ನು ಬಲ್ಲವರಿಗೆ ಅವನ ನಿಯಮದ ಅರ್ಥ ಅಪರಿಚಿತವಲ್ಲ.

ಸಾಧನಗಳನ್ನು ತಗ್ಗಿಸಿರೆಂದು ಬೋಧಿಸುವ ಪುಸ್ತಕಗಳನ್ನೇ ರಾಶಿ ಹಾಕುವುದು ಎಂತಹ ವಿಪರ್ಯಾಸ! ಮೂರ್ಛೆಯೇ, ಅಂದರೆ ಮಮತ್ವವೇ ಪರಿಗ್ರಹವೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಬಾಹ್ಯಪರಿಗ್ರಹ ಹತ್ತು ವಿಧವಾದರೆ ಅಂತರಂಗದ್ದು ಹದಿನಾಲ್ಕು ವಿಧ. ಓದುವವರೆಗೆ ಪುಸ್ತಕ ಜ್ಞಾನೋಪಕರಣ. ಓದದೆ, ಓದುವವನಿಗೂ ಕೊಡದೆ ಕಪಾಟಿನಲ್ಲಿ ಬಂಧಿಸಿದಾಗ ಅದು ಲೋಭಕ್ಕೂ ಮಾನಕ್ಕೂ ಆಹಾರ. ಹಾಳೆ ಅದೇ, ಅಕ್ಷರವೂ ಅದೇ; ಬದಲಾದುದು ಒಡೆಯನ ಪರಿಣಾಮ.

ಸಂಗ್ರಹಿಸುವವರಿಲ್ಲದಿದ್ದರೆ ವಿರಳ ಗ್ರಂಥಗಳು ನಾಶವಾಗವೇ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ರಕ್ಷಣೆಗೂ ಸ್ವಾಮ್ಯಕ್ಕೂ ಭೇದವಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವಳು ಕಾವ್ಯವನ್ನು ಉಳಿಸಿದುದು ಕೊಡುವುದರಿಂದ. 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಅವಳ ಚರಿತ್ರದ ಪಾವಿತ್ರ್ಯವನ್ನು ಕೊಪಣಾಚಲಕ್ಕೆ, ಅಂದರೆ ಇದೇ ಕೊಪ್ಪಳದ ಬೆಟ್ಟಕ್ಕೆ ಹೋಲಿಸಿದ್ದಾನೆ.

ಹಳೆಯ ಪುಸ್ತಕವೇ ಈ ಪಾಠವನ್ನು ಕಲಿಸಬಲ್ಲದು. ಅದರ ಮೊದಲ ಪುಟದಲ್ಲಿ ಹಿಂದಿನ ಒಡೆಯರ ಹೆಸರುಗಳಿರುವುದುಂಟು. ಅವರೂ 'ನನ್ನದು' ಎಂದೇ ಬರೆದಿದ್ದರು. ಆದುದರಿಂದ ಆ ಗೃಹಸ್ಥನು ಪುಸ್ತಕಗಳನ್ನೂ ಪರಿಮಾಣದೊಳಗೆ ತರುವುದು ಯುಕ್ತ. ಇಷ್ಟೇ ಪುಸ್ತಕಗಳೆಂದು ನಿಶ್ಚಯಿಸಿ, ಹೊಸದೊಂದು ಬಂದಾಗ ಓದಿದ ಒಂದನ್ನು ಓದುವವನಿಗೆ ಅಥವಾ ಗ್ರಂಥಾಲಯಕ್ಕೆ ಕೊಡಬೇಕು. ಓದಲಾಗದುದನ್ನು ಕೊಳ್ಳಬಾರದು. ಪರ್ವದಿನದ ಉಪವಾಸದಂದು ಅನ್ನದೊಡನೆ ಕೊಳ್ಳುವ ಆಸೆಯನ್ನೂ ತ್ಯಜಿಸಬೇಕು.

ಕೊಪ್ಪಳದ ಬಂಡೆಯ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನು ಮಾಡಿಸಿದನೆಂಬ ಶಾಸನವಿದೆ. ಆಚಾರ್ಯರ ವರಾಂಗಚರಿತವು ಪ್ರತಿಗಳಾಗಿ ಕೈಯಿಂದ ಕೈಗೆ ಸಾಗಿ ಉಳಿಯಿತು. ಬಂಡೆಯ ಮೇಲೆ ಇರುವುದು ಎರಡು ಪಾದಗಳ ಗುರುತು ಮಾತ್ರ.