ಕುರಿಗಾಹಿ ಹಾಸಿಗೆ ಹಿಡಿದಾಗ



2025ರ ಫೆಬ್ರವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ರೋಮಿನ ಜೆಮೆಲ್ಲಿ ಆಸ್ಪತ್ರೆ ಸೇರಿದರು. ನಾಲ್ಕೇ ದಿನಗಳಲ್ಲಿ ಎರಡೂ ಶ್ವಾಸಕೋಶಗಳಿಗೆ ನ್ಯುಮೋನಿಯಾ ಹಬ್ಬಿದೆಯೆಂದು ತಿಳಿದುಬಂತು. 88 ವರ್ಷದ ದೇಹ. ತಾರುಣ್ಯದಲ್ಲೇ ಶಸ್ತ್ರಚಿಕಿತ್ಸೆಯಾಗಿ ಒಂದು ಶ್ವಾಸಕೋಶದ ಭಾಗವನ್ನು ಕಳೆದುಕೊಂಡಿದ್ದ ದೇಹ. ಆಸ್ಪತ್ರೆಯಲ್ಲಿ ಅವರು ಕಳೆದ 38 ದಿನ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ನಮ್ಮ ಜನ ಬಲಿಪೂಜೆ ಮುಗಿದೊಡನೆ ಕೇಳುತ್ತಿದ್ದ ಮಾತು ಒಂದೇ: "ಪೋಪ್ ಸ್ವಾಮಿಯವರು ಇವತ್ತು ಹೇಗಿದ್ದಾರೆ, ಸ್ವಾಮಿ?"

ಮನೆಯ ಹಿರಿಯರನ್ನು ವಿಚಾರಿಸುವ ಹಾಗೆ ಕೇಳುತ್ತಿದ್ದರು. ಸಂತ ಪೇತ್ರರ ಚೌಕದಲ್ಲಿ ರಾತ್ರಿ ಜಪಸರ ನಡೆಯುತ್ತಿದ್ದ ಆ ದಿನಗಳಲ್ಲಿ ನಮ್ಮ ಮನೆಗಳಲ್ಲೂ ಒಂದು ಹತ್ತು ಮಣಿ ಅವರಿಗಾಗಿ ಮೀಸಲಾಯಿತು. ಆದರೆ ಜೇಬಿನಲ್ಲಿದ್ದ ಮೊಬೈಲು ಬೇರೆಯೇ ಪಾಠ ಹೇಳುತ್ತಿತ್ತು. ಅವರು ತೀರಿಕೊಂಡಿದ್ದಾರೆ, ವ್ಯಾಟಿಕನ್ ಮುಚ್ಚಿಡುತ್ತಿದೆ ಎಂಬ ಸುಳ್ಳು ಸುದ್ದಿ. ಮುಂದಿನ ಪೋಪ್ ಯಾರು, ಯಾವ ದೇಶದವರು ಎಂಬ ಲೆಕ್ಕಾಚಾರ. ಉಸಿರಾಡುತ್ತಿರುವ ಅಪ್ಪನ ಮಂಚದ ಬಳಿ ಪಾಲುಪಾರಿಕತ್ತಿನ ಮಾತೆತ್ತುವ ಮಕ್ಕಳನ್ನು ನಮ್ಮ ಹಳ್ಳಿ ಇಂದಿಗೂ ಒಪ್ಪುವುದಿಲ್ಲ. ಮೊಬೈಲಿನಲ್ಲಿ ಮಾತ್ರ ಅದನ್ನು ಸುದ್ದಿ ಎಂದು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತೇವೆ!

ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ ಮಾತು ಒಳ್ಳೆಯ ಭಕ್ತರಿಂದಲೇ ಬಂತು. "ಇಷ್ಟು ಕಷ್ಟಪಡುವ ಬದಲು ರಾಜೀನಾಮೆ ಕೊಡಬಾರದೇ?" ಕೇಳಿದ್ದರಲ್ಲಿ ತಪ್ಪಿಲ್ಲ. ಹದಿನಾರನೆಯ ಬೆನೆಡಿಕ್ಟ್‌ರವರು ಶಕ್ತಿ ಕುಂದಿತೆಂದು 2013ರಲ್ಲಿ ಪೀಠದಿಂದ ಇಳಿದರು. ನಮ್ಮ ಬೆಂಗಳೂರಿನಲ್ಲೇ ಅದಕ್ಕೂ ಮುಂಚಿನ ನಿದರ್ಶನವಿದೆ. ಧರ್ಮಾಧ್ಯಕ್ಷರು 75 ತುಂಬಿದಾಗ ರಾಜೀನಾಮೆ ಸಲ್ಲಿಸುವುದು ಧರ್ಮಸಭೆಯ ಕಟ್ಟಳೆ. ಮಹಾಧರ್ಮಾಧ್ಯಕ್ಷ ಆಲ್ಫೋನ್ಸಸ್ ಮಥಾಯಸ್‌ರವರು ಅನಾರೋಗ್ಯದ ಕಾರಣ 1998ರಲ್ಲಿ, 69ರ ವಯಸ್ಸಿನಲ್ಲೇ ಸ್ಥಾನ ಬಿಟ್ಟುಕೊಟ್ಟರು. 2024ರ ಜುಲೈ 10ರಂದು, 96ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಮಹಾಧರ್ಮಾಧ್ಯಕ್ಷರಾಗಿ ಅವರು ನಮ್ಮನ್ನು ನಡೆಸಿದ್ದು ಹನ್ನೆರಡು ವರ್ಷಕ್ಕೂ ಕಡಿಮೆ. ನಿವೃತ್ತರಾಗಿ ಬಾಳಿದ್ದು ಇಪ್ಪತ್ತಾರು ವರ್ಷ. ಆ ಇಪ್ಪತ್ತಾರನ್ನು ಬರಿಯ ಕಾಯುವಿಕೆ ಎಂದು ತಳ್ಳಿಹಾಕಲು ಯಾರಿಗೆ ಅಧಿಕಾರವಿದೆ?

ಇಳಿಯದೆ ಉಳಿದವರೂ ಇದ್ದಾರೆ. 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಿದ್ದ ಎರಡನೆಯ ಜಾನ್ ಪಾಲ್‌ರವರನ್ನು ಕಣ್ಣಾರೆ ಕಂಡ ಹಿರಿಯರು ನಮ್ಮಲ್ಲಿದ್ದಾರೆ. ಅದೇ ವ್ಯಕ್ತಿ 2005ರ ಮಾರ್ಚ್ 30ರಂದು ಕಿಟಕಿಯ ಬಳಿ ಬಂದು, ಮಾತಾಡಲು ಬಾಯಿ ತೆರೆದು, ಸ್ವರ ಹೊರಡದೆ ನಿಂತರು. ಮೂರು ದಿನಗಳಲ್ಲಿ ತೀರಿಕೊಂಡರು. ಈ ಸ್ಥಿತಿಯಲ್ಲಿ ಜನರ ಮುಂದೆ ಬರಬೇಕಿತ್ತೇ ಎಂದು ಆಗಲೂ ಹಲವರು ಕೇಳಿದರು. ಮುದಿ ವಯಸ್ಸಿನಲ್ಲಿ ನೀನು ಕೈಚಾಚುವೆ, ಬೇರೊಬ್ಬನು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಕೊಂಡೊಯ್ಯುವನು ಎಂಬ ಅರ್ಥದ ಮಾತನ್ನು ಯೇಸುಸ್ವಾಮಿ ಪೇತ್ರನಿಗೆ ಹೇಳಿದ್ದು, ಕುರಿಗಳನ್ನು ಮೇಯಿಸು ಎಂದು ಒಪ್ಪಿಸಿದ ಬೆನ್ನಿಗೇ. ಕೆಲಸ ಕೊಟ್ಟ ಬಾಯಿಯೇ ಅಸಹಾಯಕತೆಯನ್ನೂ ಮುಂದಾಗಿ ತಿಳಿಸಿತು.

ಇಳಿಯುವುದೋ ಉಳಿಯುವುದೋ, ಅದು ಅವರವರ ಅಂತಃಸಾಕ್ಷಿಗೆ ಬಿಟ್ಟದ್ದು. ನನ್ನ ಕಳವಳ ಬೇರೆ. 'ಇನ್ನು ಆಗದು, ಬಿಡಲಿ' ಎಂಬ ಮಾತು ಎಲ್ಲಿ 'ಇನ್ನು ಬೇಡ' ಎಂಬುದಕ್ಕೆ ಹೊರಳುತ್ತದೆ? ಇರವು ಮೊದಲು, ಕ್ರಿಯೆ ಆಮೇಲೆ ಎಂದು ಗುರುಮಠದಲ್ಲಿ ದರ್ಶನಶಾಸ್ತ್ರದ ಮೊದಲ ವರ್ಷವೇ ಕಲಿಸುತ್ತಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ಯಲಾಗದ ಅಪ್ಪ, ಬೊಂಬೆಗೆ ಅರಗಿನ ಬಣ್ಣ ಹಿಡಿಸಲಾಗದೆ ನಡುಗುವ ತಾತನ ಕೈ: ಇಲ್ಲಿ ಕ್ರಿಯೆ ನಿಂತಿದೆ, ಇರವು ಕೂದಲೆಳೆಯಷ್ಟೂ ಕುಂದಿಲ್ಲ. ಪೋಪ್ ಸ್ವಾಮಿಯವರಿಗಾಗಿ ಅತ್ತವರು ತಮ್ಮ ಮನೆಯ ಜಗಲಿಯ ಮಂಚದತ್ತಲೂ ಒಮ್ಮೆ ತಿರುಗಿ ನೋಡಲಿ. ಆ ಮಂಚದವರೊಡನೆ ಮಾತಾಡಿ ಎಷ್ಟು ದಿನವಾಯಿತು?

ಮಾರ್ಚ್ 23ರಂದು ಫ್ರಾನ್ಸಿಸ್‌ರವರು ಆಸ್ಪತ್ರೆಯಿಂದ ಹೊರಬಂದರು. ಅದಕ್ಕೆ ಮುಂಚೆ ಉಪ್ಪರಿಗೆಗೆ ಬಂದು, ಕ್ಷೀಣ ದನಿಯಲ್ಲಿ, ಗುಂಪಿನಲ್ಲಿ ಹಳದಿ ಹೂ ಹಿಡಿದು ನಿಂತಿದ್ದ ಹೆಂಗಸೊಬ್ಬರನ್ನು ಗುರುತಿಸಿ ಮಾತಾಡಿದರು. ಏಪ್ರಿಲ್ 20, ಪಾಸ್ಖ ಹಬ್ಬದಂದು ಲೋಕಕ್ಕೆ ಆಶೀರ್ವಾದ ನೀಡಿದರು. ಮರುದಿನ ಬೆಳಿಗ್ಗೆ ಕಣ್ಮುಚ್ಚಿದರು. ಹಾಗಾದರೆ ನಮ್ಮ ಜಪಸರವೆಲ್ಲ ಏನಾಯಿತು ಎಂದು ಕೇಳಿದವರಿಗೆ ಸಂತ ಯಾಕೋಬನ ಪತ್ರದ ಐದನೆಯ ಅಧ್ಯಾಯ ತೋರಿಸಿದೆ. ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ಪ್ರಭು ಅವನನ್ನು ಎಬ್ಬಿಸುವರು ಎನ್ನುತ್ತಾನೆ ಆತ. 'ಎಬ್ಬಿಸು' ಎಂಬುದಕ್ಕೆ ಅಲ್ಲಿರುವ ಗ್ರೀಕ್ ಪದವನ್ನೇ ಹೊಸ ಒಡಂಬಡಿಕೆಯು ಸತ್ತವರನ್ನು ಎಬ್ಬಿಸುವುದಕ್ಕೂ ಬಳಸುತ್ತದೆ.

ಇಲ್ಲಿ ಗಮನಿಸಿ: ಕರೆಸುವವನು ರೋಗಿ. ನಮ್ಮಲ್ಲಿ ಆಗುವುದೇನು? ಅಭ್ಯಂಗ ಎಂದರೆ ಸಾವಿನ ಚೀಟಿ ಎಂದು ಹೆದರಿ, "ಗುರುಗಳನ್ನು ಕಂಡರೆ ಅಪ್ಪ ಗಾಬರಿಯಾಗುತ್ತಾರೆ" ಎಂದು ಮುಂದೂಡುತ್ತಾರೆ. ಅಪ್ಪನಿಗೆ ಗಾಬರಿಯಾಗುವಷ್ಟು ಪ್ರಜ್ಞೆಯೂ ಇಲ್ಲದ ಮೇಲೆ, ನಡುರಾತ್ರಿ ಗುರುಮನೆಯ ಬಾಗಿಲು ಬಡಿಯುತ್ತಾರೆ. ಇದನ್ನು ಬರಿಯ 'ಅಂತಿಮ' ಅಭ್ಯಂಗವೆನ್ನದೆ ರೋಗಿಗಳ ಅಭ್ಯಂಗವೆಂದು ಕರೆಯುವುದೇ ಹೆಚ್ಚು ಸೂಕ್ತವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಪಡೆಯಬಹುದು. ಗಂಭೀರ ಕಾಯಿಲೆಯಿಲ್ಲದಿದ್ದರೂ ವಯಸ್ಸಿನಿಂದ ತೀರ ಬಳಲಿದವರು ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಮತ್ತೆ ಪಡೆಯಬಹುದು.

ಆದ್ದರಿಂದ, ಆಸ್ಪತ್ರೆಗೆ ಹೊರಡುವ ಹಿಂದಿನ ದಿನವೇ ಹೇಳಿ ಕಳುಹಿಸಿ. ಮಂಚದ ಪಕ್ಕ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಶಿಲುಬೆ, ಒಂದು ಮೇಣದ ಬತ್ತಿ ಇದ್ದರೆ ಸಾಕು. ಟಿವಿ ಆರಿಸಿ, ಮಕ್ಕಳನ್ನು ಹೊರಗೆ ಅಟ್ಟದೆ ಮಂಚದ ಬಳಿ ಕೂರಿಸಿ. ಬಂದ ಗುರುವಿಗೆ ಕಾಫಿ ಆಮೇಲೆ ಕೊಟ್ಟರಾಯಿತು.