ಇತಿಹಾಸದ ಓದು ಮತ್ತು ಹಿರಿಯರ ಋಣ



ಮಕ್ಕಳು ಪದವಿ ಮುಗಿಸಿ ಧಾರವಾಡದ ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡಿದಾಗ ಹಳಿಯಾಳ ಸೀಮೆಯ ತಂದೆತಾಯಿಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು: ಇತಿಹಾಸವನ್ನೋದಿದರೆ ಹೊಟ್ಟೆ ತುಂಬೀತೆ? ಪ್ರಶ್ನೆ ತಪ್ಪಲ್ಲ. ಇತಿಹಾಸದ ಎಂ.ಎ. ಪದವೀಧರರು ಅಧ್ಯಾಪಕರಾಗುತ್ತಾರೆ, ಪುರಾತತ್ತ್ವ ಇಲಾಖೆ, ಪತ್ರಾಗಾರ, ವಸ್ತುಸಂಗ್ರಹಾಲಯಗಳನ್ನು ಸೇರುತ್ತಾರೆ, ಆಡಳಿತ ಸೇವೆಯ ಪರೀಕ್ಷೆಗೆ ಕೂಡುತ್ತಾರೆ. ಹುದ್ದೆಗಳು ವಿರಳವೆಂಬುದನ್ನೂ ಬಚ್ಚಿಡಲಾಗದು. ಆದರೆ ಈ ವಿದ್ಯೆ ಮನುಷ್ಯನನ್ನು ಎಂಥವನನ್ನಾಗಿ ಮಾಡುತ್ತದೆ ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು.

ತಮಗೆ ಸಮೀಪದ ಹಲಸಿಯನ್ನೇ ನೋಡಿರಿ. ಖಾನಾಪುರ ತಾಲೂಕಿನ ಈ ಗ್ರಾಮವೇ ಕದಂಬರ ಪಲಾಶಿಕಾ. ವೈದಿಕ ಮನೆತನದ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿದನೆಂದು ತಾಮ್ರಪಟ ಹೇಳುತ್ತದೆ. ಆ ಅರಸರ ಚರಿತ್ರೆಯನ್ನು 1931ರಲ್ಲಿ 'ಕದಂಬ ಕುಲ'ವೆಂಬ ಗ್ರಂಥದಲ್ಲಿ ಬರೆದವರು, ಮುಂಬಯಿಯಲ್ಲಿ ಹೆರಾಸ್ ಪಾದ್ರಿಗಳ ಶಿಷ್ಯರಾಗಿದ್ದ ಕ್ರೈಸ್ತ ವಿದ್ವಾಂಸ ಜಾರ್ಜ್ ಮೊರಾಯಿಸ್. ಸತ್ಯವನ್ನು ಅರಸುವವನಿಗೆ ಪರರ ಪೂರ್ವಜರೂ ತನ್ನವರೇ ಆಗುತ್ತಾರೆ.

ತಾಮ್ರಪಟಗಳನ್ನು ಬರೆಸಿದವರು ಅರಸರು. ಬರೆಸಲಾರದವರ ಗತಿಯೇನು? ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾಗಳ ಕಾಡಂಚಿನಲ್ಲಿ ಸಿದ್ದಿ ಬಂಧುಗಳು ವಾಸಿಸುತ್ತಾರೆ. ಅವರ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕೆಯಿಂದ ಪೋರ್ತುಗೀಜರು ಗೋವೆಗೆ ಗುಲಾಮರನ್ನಾಗಿ ತಂದರು. ಮಾರಲ್ಪಟ್ಟ ಮನುಷ್ಯನು ಕಾಗದದಲ್ಲಿ ಕಾಣುವುದು ಹೆಚ್ಚಾಗಿ ಒಡೆಯನ ಲೆಕ್ಕದ ಬಾಬಾಗಿ ಮಾತ್ರ. ಈ ಜಿಲ್ಲೆಯೋ 1862ರವರೆಗೆ ಮದರಾಸು ಪ್ರಾಂತಕ್ಕೂ ಆಮೇಲೆ 1956ರವರೆಗೆ ಮುಂಬಯಿಗೂ ಸೇರಿತ್ತು. ಆದ್ದರಿಂದ ಇಲ್ಲಿಯ ಸಂಶೋಧಕನು ಗೋವೆ, ಚೆನ್ನೈ, ಮುಂಬಯಿಗಳ ಪತ್ರಾಗಾರಗಳನ್ನು ಸುತ್ತಬೇಕು; ಮರಳಿ ಬಂದು ಸಿದ್ದಿ ಅಜ್ಜಿಯ ನೆನಪಿಗೂ ಡಮಾಮಿಯ ಹಾಡಿಗೂ ಕಿವಿಗೊಡಬೇಕು. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಒಂದು ಜನಾಂಗ ಎಲ್ಲಿಂದ ಬಂದಿತು, ಹೇಗೆ ಬದುಕಿತು ಎಂಬ ತಿಳಿವಳಿಕೆ ಇಂತಹ ಹಕ್ಕುಗಳಿಗೆ ಆಧಾರವಾಗುತ್ತದೆ.

ಕಠಿಣವಾದ ಪ್ರಶ್ನೆ ಮುಂದಿದೆ. ಹೀಗೆ ಹುಡುಕುತ್ತಿರುವ ವಿದ್ಯಾರ್ಥಿಗೆ ತನ್ನ ಮನೆತನದ ಹಿರಿಯನ ಹೆಸರೇ ಒಡೆಯರ ಸಾಲಿನಲ್ಲಿ ಕಂಡರೆ? ಹಿರಿಯರ ಮೇಲಿನ ಗೌರವ ದೊಡ್ಡದೋ, ಸತ್ಯ ದೊಡ್ಡದೋ? ಆ ಹಾಳೆಯನ್ನು ಮುಚ್ಚಿಡಲು ಮನಸ್ಸು ಎಳೆಯುತ್ತದೆ. ಸುಳ್ಳಿನ ಆಸರೆಯಿಲ್ಲದೆ ನಿಲ್ಲಲಾರದ ಗೌರವವು ಗೌರವವಲ್ಲ ಎಂಬುದು ನಮ್ಮ ಅಭಿಪ್ರಾಯ. ತಂದೆಯ ಹೊಲವನ್ನು ಪಡೆದವನು ತಂದೆಯ ಸಾಲವನ್ನು ನಿರಾಕರಿಸುವನೆ? ಪೂರ್ವಜರ ಕೀರ್ತಿಗೆ ಹಕ್ಕುದಾರರಾದ ನಾವು ಅವರ ತಪ್ಪಿಗೂ ಬಾಧ್ಯರು. ಮಠಗಳ ಹಳೆಯ ಕಡತಗಳೂ ಈ ಮಾತಿಗೆ ಹೊರತಲ್ಲ.

ಹಾಗೆಂದು ಅಜ್ಜನ ತಪ್ಪಿಗೆ ಮೊಮ್ಮಗನನ್ನು ದಂಡಿಸಲು ಇತಿಹಾಸವನ್ನು ಆಯುಧವಾಗಿ ಹಿಡಿಯುವುದೂ ಅಧರ್ಮವೇ. ಸಾಲವನ್ನು ತೀರಿಸಬೇಕು, ಹಗೆಯನ್ನು ಬೆಳೆಸಬಾರದು. ಇವೆರಡರ ಅಂತರವನ್ನು ಕಲಿಸುವುದೇ ಈ ವಿದ್ಯೆಯ ಫಲ.

ಆದುದರಿಂದ ತಮ್ಮ ಮಗನಾಗಲಿ ಮಗಳಾಗಲಿ ಇತಿಹಾಸವನ್ನು ಬಯಸಿದರೆ ತಡೆಯಬೇಡಿರಿ. ರಜೆಗೆ ಬಂದಾಗ ಅಟ್ಟದ ಮೇಲಿನ ಹಳೆಯ ಕಾಗದದ ಗಂಟನ್ನು ಬಿಚ್ಚಿ ಅವರ ಮುಂದಿಡಿರಿ. ಅದರೊಳಗೆ ಏನು ಬರೆದಿದ್ದರೂ ಅಂಜದಿರಿ.