ಸತಿಯು ಹೊತ್ತ ಪತಿಯ ಕೊರತೆ

ಕನ್ನಡದಲ್ಲಿ 'ಬಂಜೆ' ಎಂಬ ಶಬ್ದವುಂಟು. ಅದಕ್ಕೆ ಸರಿಜೋಡಿಯಾದ ಪುಲ್ಲಿಂಗ ಶಬ್ದವು ಜನರ ಬಾಯಲ್ಲಿ ಇಲ್ಲ. ಸಂಸ್ಕೃತದಲ್ಲಿ 'ವಂಧ್ಯ' ಎಂಬ ಪುಲ್ಲಿಂಗರೂಪವಿರುವುದಾದರೂ ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದಲ್ಲಿ ಅದನ್ನು ಫಲ ಬಿಡದ ಮರಕ್ಕೆ ಹೇಳಿದ್ದಾನೆ. 'ಷಂಡ', 'ಕ್ಲೀಬ' ಮೊದಲಾದವು ಬೇರೊಂದು ಅಶಕ್ತಿಯನ್ನು ಸೂಚಿಸುವ ಶಬ್ದಗಳು. ದೇಹದಲ್ಲಿ ಯಾವ ಕುಂದೂ ತೋರದೆ ಸಂತಾನ ಮಾತ್ರ ಆಗದಿರುವ ಗೃಹಸ್ಥನಿಗೆ ಅವು ಸಲ್ಲವು. ಹೀಗೆ ಮಕ್ಕಳಿಲ್ಲದ ಮನೆಯ ನಿಂದೆಗೆಲ್ಲ ಹೆಂಗಸಿನ ಹೆಸರೇ ಗಟ್ಟಿಯಾಗಿ ನಿಂತುಬಿಟ್ಟಿದೆ.

ಪ್ರಕೃತ ವಿಚಾರಿಸತಕ್ಕ ಪ್ರಶ್ನೆಯು ಇದು: ಕೊರತೆಯು ಪತಿಯಲ್ಲಿದೆಯೆಂದು ವೈದ್ಯರಿಂದ ನಿಶ್ಚಯವಾದ ಮೇಲೆ, ಸತಿಯು ಅದನ್ನು ಲೋಕಕ್ಕೆ ತಿಳಿಯಗೊಡದೆ ಬಂಜೆಯೆಂಬ ಹೆಸರನ್ನು ತಾನೇ ಹೊತ್ತುಕೊಂಡರೆ ಅದು ಧರ್ಮವೇ? ಆಕೆಯು ಹೊತ್ತುಕೊಂಡಿದ್ದಾಳೆಂದು ಪತಿಯು ಸುಮ್ಮನಿದ್ದರೆ ಅದು ಧರ್ಮವೇ? ಮೊದಲನೆಯದನ್ನು ಕುರಿತು ಹಿರಿಯರು ಬಹಳ ಮಾತನಾಡಿದ್ದಾರೆ. ಎರಡನೆಯದನ್ನು ಕೇಳುವವರು ವಿರಳ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮದುವೆಯಾಗಿ ಎರಡು ವರ್ಷ ಕಳೆದವೆಂದರೆ ಸೊಸೆಯ ಉಡಿಯ ಮೇಲೆ ಎಲ್ಲರ ಕಣ್ಣು. ಮೊದಲು ಹುಲಿಗೆಮ್ಮನಿಗೆ ಹರಕೆ. ಬಳಿಕ ಗುಡಿಗುಡಿಗಳ ಸುತ್ತಾಟ. ಕೊನೆಗೆ ಹುಬ್ಬಳ್ಳಿಯ ಅಥವಾ ಬಳ್ಳಾರಿಯ ವೈದ್ಯರ ಬಾಗಿಲು. ಅಲ್ಲಿಯೂ ಪರೀಕ್ಷೆಯೆಲ್ಲ ಹೆಂಗಸಿಗೇ. ರಕ್ತ, ಸ್ಕ್ಯಾನಿಂಗ್, ಗರ್ಭನಾಳಗಳಲ್ಲಿ ದ್ರವ ಹಾಯಿಸಿ ನೋಡುವ ನೋವಿನ ಪರೀಕ್ಷೆ, ತಿಂಗಳು ತಿಂಗಳು ಚುಚ್ಚುಮದ್ದು. ಪತಿಯು ಹೊರಗಿನ ಬೆಂಚಿನ ಮೇಲೆ ಕುಳಿತು ಹಣ ಎಣಿಸುತ್ತಾನೆ. ಎಲ್ಲಕ್ಕಿಂತ ಸುಲಭವೂ ಅಗ್ಗವೂ ನೋವಿಲ್ಲದುದೂ ಆದ ಪರೀಕ್ಷೆಯು ಪುರುಷನ ವೀರ್ಯದ ಪರೀಕ್ಷೆ. ಅದು ಮಾತ್ರ ಎಲ್ಲಕ್ಕಿಂತ ಕೊನೆಗೆ, ಎಷ್ಟೋ ಕಡೆ ಐದಾರು ವರ್ಷಗಳ ಮೇಲೆ. ಧರ್ಮಶಾಸ್ತ್ರಕಾರರು ಸ್ತ್ರೀಯನ್ನು ಕ್ಷೇತ್ರವೆಂದೂ ಪುರುಷನನ್ನು ಬೀಜವೆಂದೂ ಕರೆದರು. ಆ ಉಪಮೆಯು ನನಗೆ ಅಷ್ಟಾಗಿ ರುಚಿಸದು, ಇರಲಿ. ಅದನ್ನು ಒಪ್ಪಿದವರಾದರೂ ಅದರಂತೆ ನಡೆದರೆ? ಬಿತ್ತಿದುದು ಮೊಳೆಯದಿದ್ದರೆ ನಮ್ಮ ಎರೆಹೊಲದ ಒಕ್ಕಲಿಗನು ನೆಲವನ್ನಷ್ಟೇ ಬೈಯುತ್ತ ಕೂಡ್ರುವುದಿಲ್ಲ. ಹಸಿಯ ಗೋಣಿತಟ್ಟಿನಲ್ಲಿ ನೂರು ಕಾಳು ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಿ ನೋಡುತ್ತಾನೆ. ಹೊಲದಲ್ಲಿರುವ ಈ ವಿವೇಕವು ಮನೆಯ ಹೊಸ್ತಿಲು ದಾಟದು.

ವೈದ್ಯಶಾಸ್ತ್ರವು ಇಂದು ಖಚಿತವಾಗಿ ಹೇಳುವುದನ್ನು ತಿಳಿದುಕೊಳ್ಳುವುದು ಅವಶ್ಯ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಬಾಳಿನ ಒಂದಿಲ್ಲೊಂದು ಕಾಲದಲ್ಲಿ ಸಂತಾನದ ತೊಡಕನ್ನು ಕಂಡವರು. ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಪುರುಷನ ಕೊರತೆಯು ತಾನೊಂದೇ ಆಗಿಯೋ, ಸ್ತ್ರೀಯ ಕೊರತೆಯೊಡನೆ ಕೂಡಿಯೋ ಇರುತ್ತದೆ. ಅದೇ ಸಂಸ್ಥೆಯ 2021ರ ಕೈಪಿಡಿಯು ವೀರ್ಯದ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳನ್ನು ಕೆಳಗಣ ಎಲ್ಲೆಯೆಂದು ಗಣಿಸಿದೆ. ಅದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಮಕ್ಕಳೇ ಆಗವೆಂದಲ್ಲ. ಒಂದೂ ಕಾಣದಿರುವ ಸ್ಥಿತಿಯು ಬೇರೆ. ಅದು ಪುರುಷರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಇರುತ್ತದೆಂದು ವೈದ್ಯರ ಲೆಕ್ಕ. ಕೆಲವರಲ್ಲಿ ದಾರಿಯು ಕಟ್ಟಿಕೊಂಡಿರುತ್ತದೆ. ಕೆಲವರಲ್ಲಿ ಉತ್ಪತ್ತಿಯೇ ಇರುವುದಿಲ್ಲ. ಪ್ರಾಯಕ್ಕೆ ಬಂದ ಮೇಲೆ ತಗಲಿದ ಮಂಗನಬಾವು, ವೃಷಣದಲ್ಲಿ ಉಬ್ಬಿದ ರಕ್ತನಾಳ, ಹುಟ್ಟಿನಿಂದ ಬಂದ ವರ್ಣತಂತುಗಳ ಹೆಚ್ಚುಕಡಿಮೆ ಮೊದಲಾದವು ಕಾರಣಗಳು. ವೀರ್ಯಾಣುವೊಂದು ಸಿದ್ಧವಾಗಲು ಎರಡೂವರೆ ತಿಂಗಳ ಹತ್ತಿರ ಬೇಕಾದುದರಿಂದ ಒಂದೇ ಪರೀಕ್ಷೆಯನ್ನು ನಂಬದೆ ಕೆಲವು ವಾರಗಳ ಮೇಲೆ ಮತ್ತೊಮ್ಮೆ ನೋಡುತ್ತಾರೆ. ಕೆಲವಕ್ಕೆ ಶಸ್ತ್ರಚಿಕಿತ್ಸೆಯುಂಟು. ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಡುವ ವಿಧಾನದಿಂದ 1992ರಲ್ಲಿ ಬೆಲ್ಜಿಯಂ ದೇಶದಲ್ಲಿ ಮೊದಲ ಶಿಶುವು ಜನಿಸಿತು. ಆ ಚಿಕಿತ್ಸೆಯು ಈಗ ನಮ್ಮ ನಾಡಿನಲ್ಲಿಯೂ ಇದೆ.

ಇದೆಲ್ಲ ಪಶ್ಚಿಮದಿಂದ ಬಂದ ಹೊಸ ಮಾತೆಂದು ಮೂಗು ಮುರಿಯುವವರು ಸುಶ್ರುತಸಂಹಿತೆಯ ಶಾರೀರಸ್ಥಾನವನ್ನು ತೆರೆಯಲಿ. ಅದರ ಎರಡನೆಯ ಅಧ್ಯಾಯವು ಮೊದಲು ಎತ್ತಿಕೊಳ್ಳುವುದೇ ಶುಕ್ರದೋಷಗಳನ್ನು. ಆರ್ತವದ ವಿಚಾರವು ಅನಂತರ. ಪ್ರಾಚೀನ ವೈದ್ಯನು ಪುರುಷನನ್ನು ಮೊದಲು ನೋಡಿದನು. ನಾವು ಆ ಕ್ರಮವನ್ನು ಮರೆತೆವು.

ಇನ್ನೊಂದು ಭ್ರಾಂತಿಯನ್ನೂ ಇಲ್ಲಿಯೇ ಕಳೆಯತಕ್ಕದ್ದು. ಸಂತಾನಶಕ್ತಿಯು ಬೇರೆ, ಪುರುಷತ್ವವು ಬೇರೆ. ವೀರ್ಯಾಣುವಿಲ್ಲದವನ ದನಿ, ಮೀಸೆ, ತೋಳ್ಬಲ, ದಾಂಪತ್ಯಸುಖ ಇವು ಸಾಮಾನ್ಯವಾಗಿ ಎಲ್ಲರಂತೆಯೇ ಇರುತ್ತವೆ. ಕಾನೂನು ಕೂಡ ಈ ಭೇದವನ್ನು ಬಲ್ಲುದು: 1955ರ ಹಿಂದೂ ವಿವಾಹ ಕಾಯಿದೆಯು ಷಂಡತನವನ್ನು ವಿವಾಹದ ರದ್ದತಿಗೆ ಕಾರಣವೆಂದು ಎಣಿಸಿದೆ, ಮಕ್ಕಳಾಗದಿರುವುದನ್ನು ಎಣಿಸಿಲ್ಲ. ಈ ಭೇದವನ್ನು ಅರಿಯದ ಪತಿಯು ವೈದ್ಯರ ಚೀಟಿಯನ್ನು ಓದಿದೊಡನೆ ತಾನು ಗಂಡಸೇ ಅಲ್ಲವೆಂದು ಕುಸಿಯುತ್ತಾನೆ. ಆ ಭಯದಿಂದಲೇ ಮುಚ್ಚುಮರೆಯು ಹುಟ್ಟುವುದು.

ಹೆಂಗಸನ್ನು ಮೊದಲು ಪರೀಕ್ಷಿಸಿ ಗಂಡಸಿನ ಮಾನವನ್ನು ಕಡೆಯವರೆಗೆ ಕಾಯುವ ಈ ರೂಢಿಯು ನಮ್ಮ ಸೀಮೆಯದೊಂದೇ ಅಲ್ಲ. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಪ್ಯಾಂಕೋಸ್ಟ್ ಎಂಬ ವೈದ್ಯನ ಬಳಿಗೆ ಮಕ್ಕಳಿಲ್ಲದ ದಂಪತಿಗಳು ಬಂದರು. ಪತ್ನಿಯನ್ನು ಬಗೆಬಗೆಯಾಗಿ ಪರೀಕ್ಷಿಸಿದರು; ಏನೂ ಸಿಕ್ಕಲಿಲ್ಲ. ಆಮೇಲೆ ಪತಿಯನ್ನು ಪರೀಕ್ಷಿಸಲು ವೀರ್ಯಾಣುಗಳೇ ಇಲ್ಲವೆಂದು ತಿಳಿಯಿತು. ಆಗ ಆ ವೈದ್ಯನು ಆಕೆಗೆ ಏನನ್ನೂ ತಿಳಿಸದೆ, ಕ್ಲೋರೋಫಾರಂ ಕೊಟ್ಟು ಪ್ರಜ್ಞೆ ತಪ್ಪಿಸಿ, ತನ್ನ ವಿದ್ಯಾರ್ಥಿಯೊಬ್ಬನ ವೀರ್ಯವನ್ನು ಸೇರಿಸಿದನು. ಆಕೆಗೆ ಗಂಡುಮಗುವಾಯಿತು. ಪತಿಗೆ ಮಾತ್ರ ಸತ್ಯವನ್ನು ತಿಳಿಸಲಾಯಿತು. ಆತನು ಆಕೆಗೆ ಎಂದೂ ಹೇಳಬಾರದೆಂದು ಕೇಳಿಕೊಂಡನು. ಅಂದು ಅಲ್ಲಿದ್ದವರಲ್ಲೊಬ್ಬನು 1909ರಲ್ಲಿ ಪತ್ರಿಕೆಯೊಂದರಲ್ಲಿ ಬರೆದುದರಿಂದ ಸಂಗತಿಯು ಹೊರಬಿದ್ದಿತು. ತನ್ನ ಒಡಲಿನ ವಿಷಯವನ್ನು ತಾನೊಬ್ಬಳೇ ಅರಿಯದೆ ಉಳಿದ ಆ ತಾಯಿಯನ್ನು ನೆನೆದರೆ ಮನಸ್ಸು ಕದಡುತ್ತದೆ. ಮಗುವು ದೊರೆತರೂ ಅನ್ಯಾಯವು ಅನ್ಯಾಯವೇ.

ನಮ್ಮಲ್ಲಿ ನಡೆಯುವುದು ಇದರ ಇನ್ನೊಂದು ಮಗ್ಗುಲು. ಇಲ್ಲಿ ಸತಿಗೆ ತಿಳಿದಿರುತ್ತದೆ. ಲೋಕಕ್ಕೆ ಮಾತ್ರ ತಿಳಿಯದು. ಚೀಟಿಯನ್ನು ಮಡಿಚಿ ಕಿಸೆಗಿಟ್ಟು ಪತಿಯು ಬಸ್ಸಿನಲ್ಲಿ 'ಯಾರ ಮುಂದೂ ಹೇಳಬ್ಯಾಡ' ಎನ್ನುತ್ತಾನೆ, ಆಕೆಯು ತಲೆದೂಗುತ್ತಾಳೆ. ಮನೆಯಲ್ಲಿ ಅತ್ತೆಯು ಎಂದಿನಂತೆ ಕುಟುಕುತ್ತಾಳೆ. ಕೆಲವು ದಿನಗಳಲ್ಲಿ ಬೀಗರೊಬ್ಬರು ಮತ್ತೊಂದು ಸಂಬಂಧದ ಮಾತು ತರುತ್ತಾರೆ. ಮೊದಲ ಪತ್ನಿಯಿರಲು ಎರಡನೆಯ ಮದುವೆಯು 1955ರ ಕಾಯಿದೆಯಂತೆ ಅಪರಾಧವೆಂಬುದು ಒಂದು ಕಡೆ. ಕೊರತೆಯು ಯಾರಲ್ಲಿದೆಯೋ ಆತನಿಗೇ ಇನ್ನೊಂದು ಹೆಣ್ಣನ್ನು ತಂದರೆ ತೊಟ್ಟಿಲು ಹೇಗೆ ತೂಗೀತು? ಆ ಮಾತು ನಡೆದಾಗ ಪತಿಯು ನೆಲ ನೋಡುತ್ತ ಕುಳಿತಿರುತ್ತಾನೆ. ಹಿರಿಯರು ಸೊಸೆಯನ್ನು ತೋರಿಸಿ 'ಎಂಥ ತಾಳ್ಮೆ!' ಎಂದು ಹೊಗಳುತ್ತಾರೆ.

ಗುಟ್ಟು ಬೇರೆ, ಸುಳ್ಳು ಬೇರೆ ಎಂಬುದನ್ನು ಇಲ್ಲಿ ಬಿಡಿಸಿ ನೋಡತಕ್ಕದ್ದು. ದಂಪತಿಗಳ ದೇಹದ ಸಂಗತಿಯನ್ನು ಕೇಳುವ ಅಧಿಕಾರವು ಊರಿಗಿಲ್ಲ. ಚಾವಡಿಯಲ್ಲಿ ಸಾರಬೇಕಾದ ಕರ್ತವ್ಯವು ಪತಿಗೂ ಇಲ್ಲ. ಅಷ್ಟು ಮಟ್ಟಿಗೆ ಅದು ಗುಟ್ಟು, ಇರಲಿ. ಆದರೆ ಅದೇ ಮೌನದ ನೆರಳಿನಲ್ಲಿ ಇನ್ನೊಬ್ಬರ ಮೇಲೆ ಅಪವಾದವು ಬೀಳುತ್ತಿದ್ದರೆ, ಅದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದರೆ, ಗುಟ್ಟು ಅಲ್ಲಿಗೆ ಮುಗಿಯಿತು, ಸುಳ್ಳು ಆರಂಭವಾಯಿತು. ಆಕೆಯೇ ಒಪ್ಪಿಕೊಂಡಿದ್ದಾಳಲ್ಲ ಎಂಬ ಸಮಾಧಾನವು ನಿಲ್ಲದು. ತಾನಾಗಿ ಕೊಟ್ಟುದು ದಾನ. ಬೇಡಿ, ಕಣ್ಣೀರು ತೋರಿಸಿ, ಆಣೆ ಹಾಕಿಸಿ ಪಡೆದುದು ದಾನವಲ್ಲ. ತಾನಾಗಿಯೇ ಕೊಟ್ಟಳೆಂದು ಇಟ್ಟುಕೊಂಡರೂ, ದಾನವನ್ನು ಸ್ವೀಕರಿಸುವವನಿಗೂ ಅರ್ಹಾನರ್ಹದ ವಿಚಾರವುಂಟಷ್ಟೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರು ನಮ್ಮ ನೆರೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪರಂಪರೆಯು ಹೇಳುತ್ತದೆ. ಮಾರಯ್ಯನು ಒಂದು ದಿನ ಮಹಾಮನೆಯ ಅಂಗಳದಿಂದ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಸೆರಗಿನಲ್ಲಿ ಮುಚ್ಚಿಡಲಿಲ್ಲ. ಮರಳಿ ಸುರಿದು ಬರಬೇಕೆಂದಳು. ಆತನು ಸುರಿದು ಬಂದನು. ಈ ಕಥೆಯನ್ನು ಹೇಳುವವರು ಲಕ್ಕಮ್ಮನ ನಿಷ್ಠೆಯನ್ನೇ ಕೊಂಡಾಡುವರು. ನನಗೆ ಮಾರಯ್ಯನ ನಡೆಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ತನ್ನಲ್ಲಿ ಬಂದ ಕುಂದನ್ನು ತನ್ನದೆಂದು ಒಪ್ಪಿ ಎದ್ದು ಹೊರಟುದು ಸಣ್ಣ ಸಂಗತಿಯಲ್ಲ. ಮೇಲಾಗಿ ಅಲ್ಲಿದ್ದುದು ಆಶೆಯ ಕುಂದು, ಮನಸ್ಸಿನದು. ಇಲ್ಲಿರುವುದು ದೇಹದ ಕೊರತೆ, ಅದರಲ್ಲಿ ಆತನ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪನ್ನೇ ಒಪ್ಪಿಕೊಂಡವರ ಸೀಮೆಯಲ್ಲಿ, ತಪ್ಪಲ್ಲದುದನ್ನು ಒಪ್ಪಿಕೊಳ್ಳಲು ನಾಚಿಕೆಯೇಕೆ?

ಪತಿಯು ಹೇಳಬೇಕಾದುದು ಬಹಳವಿಲ್ಲ. 'ಅವ್ವಾ, ಕೊರತಿ ನನ್ನಲ್ಲಿ ಐತಿ. ಆಕಿಗೆ ಏನೂ ಅನಬ್ಯಾಡ' ಎಂದು ತಾಯಿಗೆ ಒಂದು ಸಲ ಹೇಳಿದರೆ ಮುಗಿಯಿತು. ಅಂಕಿಸಂಖ್ಯೆಗಳು, ಚೀಟಿಗಳು, ಚಿಕಿತ್ಸೆಯ ಬಗೆ ಇವಾವುದನ್ನೂ ಬಿಚ್ಚಬೇಕಾಗಿಲ್ಲ. ಮಹಾಭಾರತದ ಪಾಂಡುವಿನಲ್ಲಿ ಎಣಿಸತಕ್ಕ ದೋಷಗಳು ಹಲವು. ಆದರೆ ಸಂತಾನದ ಅಶಕ್ತಿಯು ತನ್ನದೆಂದು ಆತನು ಋಷಿಗಳ ಮುಂದೆಯೂ ಕುಂತಿಯ ಮುಂದೆಯೂ ಬಾಯಿಬಿಟ್ಟು ಹೇಳಿದನು. ಕುಂತಿಯನ್ನು ಬಂಜೆಯೆನ್ನಿಸಲಿಲ್ಲ. ಆ ಒಂದು ಗುಣವನ್ನು ಯಾರೂ ಎತ್ತಿ ಆಡುವುದಿಲ್ಲ.

ಹೀಗೆ ಬರೆಯುವಾಗ ಪತಿಯ ದುಃಖವನ್ನು ಹಗುರಾಗಿ ಎಣಿಸಿದೆನೆಂದು ವಾಚಕರು ತಿಳಿಯಬಾರದು. ಹೆಂಗಸಿಗೆ ಅಳಲು ತವರುಮನೆಯಾದರೂ ಇದೆ. ಗಂಡಸು ಈ ವಿಷಯವನ್ನು ಆಪ್ತಮಿತ್ರನಿಗೂ ಹೇಳಲಾರನು. ಆ ಮೌನದಿಂದ ಲೋಕಕ್ಕಾಗುವ ಹಾನಿಗೆ ಒಂದು ನಿದರ್ಶನ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಲ್ಯಾಥ್ರಪ್ ಎಂಬಲ್ಲಿ ಕ್ರಿಮಿನಾಶಕದ ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತ, ಯಾರಿಗೂ ಈಚೆಗೆ ಮಕ್ಕಳಾಗಿಲ್ಲವೆಂಬುದನ್ನು ಗಮನಿಸಿದರು. ಪರೀಕ್ಷೆ ಮಾಡಿಸಲು ಹಲವರಲ್ಲಿ ವೀರ್ಯಾಣುಗಳು ತೀರ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಅಲ್ಲಿ ತಯಾರಾಗುತ್ತಿದ್ದ ಡಿ.ಬಿ.ಸಿ.ಪಿ. ಎಂಬ ರಾಸಾಯನಿಕವೇ ಕಾರಣವೆಂದು ಗೊತ್ತಾಯಿತು. ಒಬ್ಬೊಬ್ಬನೂ ತನ್ನ ಹೆಂಡತಿಯನ್ನು ದೂರುತ್ತ ಮನೆಯಲ್ಲಿಯೇ ಕುಳಿತಿದ್ದರೆ ಆ ವಿಷವು ಬಯಲಿಗೆ ಬರುತ್ತಿರಲಿಲ್ಲ. ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳಲ್ಲಿ ಮುಖಕ್ಕೊಂದು ಬಟ್ಟೆಯೂ ಇಲ್ಲದೆ ಬೆನ್ನಿಗೆ ಡಬ್ಬಿ ಕಟ್ಟಿ ಔಷಧಿ ಹೊಡೆಯುವ ನಮ್ಮ ತರುಣರು ಒಬ್ಬರನ್ನೊಬ್ಬರು ಹೀಗೆ ಕೇಳಿಕೊಂಡಾರೇ?

ಅಕ್ಕಮಹಾದೇವಿಯ ವಚನವೊಂದರಲ್ಲಿ ಬಂಜೆಯ ದೃಷ್ಟಾಂತವು ಬರುತ್ತದೆ. ಅದರ ಮೊದಲ ನುಡಿಯನ್ನಷ್ಟೇ ಹಿಡಿದು ಮಕ್ಕಳಿಲ್ಲದವರ ಮುಖಕ್ಕೆ ಎಸೆಯುವ ದುರಭ್ಯಾಸವು ನಮ್ಮಲ್ಲಿದೆ. ವಚನವನ್ನು ಪೂರ್ತಿ ಓದಿದವರಿಗೆ ಅದು ನಿಂದೆಯಲ್ಲವೆಂದು ತಿಳಿದೀತು. ನೋಯದವರು ನೊಂದವರ ನೋವನ್ನು ಅರಿಯರೆಂಬುದು ಅಲ್ಲಿಯ ತಾತ್ಪರ್ಯ, ಕೇಳಿಸಿಕೊಳ್ಳಬೇಕಾದವರು ತಾಯಂದಿರೇ. ಅಂದಮೇಲೆ ಆ ವಚನದ ಮೊನೆಯು ಕುಟುಕುವ ಅತ್ತೆಯ ಕಡೆಗೇ ತಿರುಗಿದೆ.

ಇನ್ನು ವಂಶದ ಮಾತು. ಪಿತೃಋಣವು ತೀರದು, ಮನೆದೀಪವು ಆರಿತು ಎಂದು ಹಲುಬುವವರು ಮಠದ ಮೆಟ್ಟಿಲಲ್ಲಿ ಕುಳಿತೇ ಹಲುಬುತ್ತಾರೆ. ಕೊಪ್ಪಳದ ಗವಿಮಠದ ಪೀಠದಲ್ಲಿ ಇಂದು ಹದಿನೆಂಟನೆಯವರಿದ್ದಾರೆ. ಆ ಪರಂಪರೆಯು ಗರ್ಭದಿಂದ ಗರ್ಭಕ್ಕೆ ಬಂದುದಲ್ಲ. ಹಸ್ತದಿಂದ ಮಸ್ತಕಕ್ಕೆ ಬಂದುದು. ಕರಕಮಲಸಂಜಾತರ ಪಾದಕ್ಕೆ ಎರಗಿ ಎದ್ದು, ಹೊಟ್ಟೆಯಲ್ಲಿ ಹುಟ್ಟಿದುದೊಂದೇ ಸಂತಾನವೆನ್ನುವುದು ಹೇಗೆ ಹೊಂದೀತು?

ಚರಕನು ವಾಜೀಕರಣದ ಅಧ್ಯಾಯದಲ್ಲಿ ಸಂತಾನವಿಲ್ಲದ ಪುರುಷನನ್ನು ನೆರಳಿಲ್ಲದ, ಒಂದೇ ಕೊಂಬೆಯ, ಹಣ್ಣಿಲ್ಲದ ಮರಕ್ಕೆ ಹೋಲಿಸಿದ್ದಾನೆ. ಆ ಉಪಮೆಗೆ ಉತ್ತರವನ್ನು ಮಾಗಡಿ ತಾಲೂಕಿನ ಹುಲಿಕಲ್ಲಿನ ಚಿಕ್ಕಯ್ಯ, ತಿಮ್ಮಕ್ಕ ದಂಪತಿಗಳು ಕೊಟ್ಟರು. ಮಕ್ಕಳಾಗಲಿಲ್ಲವೆಂಬ ನೋವಿನಲ್ಲಿ ಹುಲಿಕಲ್ಲಿನಿಂದ ಕುದೂರಿನವರೆಗಿನ ರಸ್ತೆಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತು ಬೆಳೆಸಿದರು. ಅವು 385 ಮರಗಳೆಂದು ಹೆಸರಾದವು. ಚಿಕ್ಕಯ್ಯನವರು 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನವರು 2019ರಲ್ಲಿ ಪದ್ಮಶ್ರೀ ಪಡೆದು, 2025ರ ನವೆಂಬರ್ 14ರಂದು ತಮ್ಮ 114ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದವರಂತೆ ನಾಡಿನ ಗೌರವದೊಡನೆ ಹೊರಟರು. ಅವರನ್ನು ಕುರಿತು ಭಾಷಣ ಮಾಡುವವರು ಮರಗಳೇ ಮಕ್ಕಳಾದುವೆಂದು ಹೇಳಿ ಇಳಿದುಬಿಡುತ್ತಾರೆ. ನಾನು ನೆನೆಯುವುದು ಆ ಎರಡು ಕೊಡಗಳನ್ನು. ನೀರು ಹೊತ್ತವಳು ಆಕೆಯೊಬ್ಬಳೇ ಅಲ್ಲ, ಆತನೂ ಹೊತ್ತನು. ಹಾಗೆಂದು ಮಕ್ಕಳಿಲ್ಲದವರೆಲ್ಲ ಮರ ನೆಟ್ಟು ಹೆಸರು ಪಡೆಯಲೇಬೇಕೆಂದು ಕಟ್ಟಳೆ ಮಾಡುವುದೂ ಒಂದು ಬಗೆಯ ಕ್ರೌರ್ಯವೇ ಸರಿ. ಸುಮ್ಮನೆ ಸುಖವಾಗಿ ಬಾಳುವ ಹಕ್ಕು ಅವರಿಗೂ ಇದೆ.

ದತ್ತು ಪಡೆಯಬೇಕೆನ್ನುವವರಿಗೆ ದಾರಿಯುಂಟು. 1956ರ ಕಾಯಿದೆಯಂತೆ ಪತ್ನಿಯ ಒಪ್ಪಿಗೆಯಿಲ್ಲದೆ ಪತಿಯು ಸಾಮಾನ್ಯವಾಗಿ ದತ್ತು ಪಡೆಯುವಂತಿಲ್ಲ. ದಾನಿಯ ವೀರ್ಯದಿಂದ ಸಂತಾನ ಪಡೆಯುವ ಮಾರ್ಗಕ್ಕೂ 2021ರ ಕಾಯಿದೆಯು ಕಟ್ಟುಪಾಡು ವಿಧಿಸಿದೆ: ಲಿಖಿತ ಒಪ್ಪಿಗೆಯಿಲ್ಲದೆ ಚಿಕಿತ್ಸೆ ನಡೆಯಕೂಡದು, ಹುಟ್ಟಿದ ಮಗುವು ಎಲ್ಲ ಅಧಿಕಾರಗಳೊಡನೆ ಆ ದಂಪತಿಗಳದೇ. ಫಿಲಡೆಲ್ಫಿಯಾದ ಆ ತಾಯಿಗೆ ದೊರೆಯದಿದ್ದ ರಕ್ಷೆಯು ಇಂದಿನ ಹೆಣ್ಣುಮಗಳಿಗೆ ದೊರೆತಿದೆ. ಈ ಮಾರ್ಗವನ್ನು ಹಿಡಿಯಬೇಕೋ ಬೇಡವೋ ಎಂಬುದನ್ನು ಅವರಿಬ್ಬರೇ ಕುಳಿತು ನಿರ್ಣಯಿಸಲಿ. ಬೀಗರಿಗೆ ಅಲ್ಲಿ ಕೆಲಸವಿಲ್ಲ.

ಅಲ್ಲಿಯವರೆಗೆ ಕೈಯಲ್ಲೇ ಇರುವ ಒಂದು ಸಣ್ಣ ಕೆಲಸವುಂಟು. ನಮ್ಮ ಕಡೆಯ ಹಲವು ಮನೆಗಳಲ್ಲಿ ತೊಟ್ಟಿಲ ಕಾರ್ಯಕ್ಕೆ ಬಂದ ಮಕ್ಕಳಿಲ್ಲದ ಸೊಸೆಯನ್ನು ಕೂಸಿನ ಹತ್ತಿರಕ್ಕೆ ಕರೆಯುವುದಿಲ್ಲ. ಆಕೆಯು ಅಡಿಗೆಮನೆಯಲ್ಲಿ ಕೆಲಸವಿರುವಂತೆ ನಟಿಸುತ್ತ ನಿಂತಿರುತ್ತಾಳೆ. ಪಡಸಾಲೆಯಲ್ಲಿ ಎಲೆಯಡಿಕೆ ಹಾಕುತ್ತ ಕುಳಿತ ಪತಿಗೆ ಅದು ಕಾಣದೆ ಇರುವುದಿಲ್ಲ. ಆತನು ಎದ್ದು ಒಳಗೆ ಹೋಗಿ ಆಕೆಯನ್ನು ಕರೆದುಕೊಂಡು ಬಂದು ತೊಟ್ಟಿಲ ಹಗ್ಗವನ್ನು ಆಕೆಯ ಕೈಗೆ ಕೊಡಲಿ.